ಎಂಜಿನಿಯರಿಂಗ್ ಮತ್ತು ನಿರ್ಮಿತ ಪರಿಸರದಲ್ಲಿ ಸಂಶೋಧನಾ ಪದವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಶೋಧನೆಗೆ ಸೇರಬೇಕೆಂದು ಬರುವವರು ಮೊದಲ ಭೇಟಿಯಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಉತ್ತರಗಳನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಿಯಮಗಳು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ಅವನ್ನು ನೀವು ಸೇರುವ ಕಡೆಯ ಕೈಪಿಡಿಯಲ್ಲೇ ನೋಡಿಕೊಳ್ಳಿ. ಕೈಪಿಡಿಯಲ್ಲಿ ಸಿಗದ ಮಾತುಗಳು ಇಲ್ಲಿವೆ.

ನಿರ್ಮಿತ ಪರಿಸರ ಅಂದರೆ ಏನೇನು ಬರುತ್ತದೆ?

ಮನುಷ್ಯ ತನಗಾಗಿ ಕಟ್ಟಿಕೊಂಡದ್ದೆಲ್ಲ ಬರುತ್ತದೆ: ಮನೆ, ಆಸ್ಪತ್ರೆ, ಸೇತುವೆ, ರಸ್ತೆ, ಒಳಚರಂಡಿ, ನೀರಿನ ಕೊಳವೆ, ಉದ್ಯಾನ. ಹಾಗಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದವರ ಪಕ್ಕದಲ್ಲೇ ಆರ್ಕಿಟೆಕ್ಟ್‌ಗಳು, ನಗರ ಯೋಜಕರು, ನಿರ್ಮಾಣ ನಿರ್ವಹಣೆಯವರು, ಕೆಲವೊಮ್ಮೆ ಸಮಾಜಶಾಸ್ತ್ರದವರೂ ಕೂತಿರುತ್ತಾರೆ. ಮಧ್ಯಾಹ್ನ ಕಾದ ಹಂಚಿನಂತಾಗುವ ಒಂದು ಕೋಣೆಯನ್ನು ತೆಗೆದುಕೊಳ್ಳಿ. ಗೋಡೆ ಎಷ್ಟು ಶಾಖ ಹಿಡಿದಿಟ್ಟುಕೊಳ್ಳುತ್ತದೆ ಎಂದು ಕಟ್ಟಡ ಸಾಮಗ್ರಿಯವರು ಕೇಳುತ್ತಾರೆ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಮೆಕ್ಯಾನಿಕಲ್‌ನವರು, ಎದುರಿನ ಕಟ್ಟಡ ಗಾಳಿಗೆ ಅಡ್ಡ ನಿಂತಿದೆಯೇ ಎಂದು ಯೋಜಕರು, ಆ ಕೋಣೆಯಲ್ಲಿ ಕಿಟಕಿ ತೆರೆಯುವ ಅಧಿಕಾರ ಯಾರಿಗಿದೆ ಎಂದು ಸಮಾಜಶಾಸ್ತ್ರದವರು. ನಾಲ್ಕೂ ಸಂಶೋಧನೆಯೇ. ಕೊನೆಯದನ್ನು ಕೇಳಿ ನಗುವ ಎಂಜಿನಿಯರುಗಳು ಇನ್ನೂ ಇದ್ದಾರೆ. ಮುಂದಿನ ಒಂದು ಉತ್ತರ ಅವರಿಗಾಗಿಯೇ ಇದೆ.

ಕೋರ್ಸ್ ಓದಿ ಪಡೆಯುವ ಸ್ನಾತಕೋತ್ತರ ಪದವಿಗೂ ಸಂಶೋಧನಾ ಪದವಿಗೂ ಏನು ವ್ಯತ್ಯಾಸ?

ಮೊದಲನೆಯದರಲ್ಲಿ ಪ್ರಶ್ನೆಪತ್ರಿಕೆಯನ್ನು ಬೇರೆಯವರು ಸಿದ್ಧಪಡಿಸುತ್ತಾರೆ. ಎರಡನೆಯದರಲ್ಲಿ ಅದನ್ನೂ ನೀವೇ ಸಿದ್ಧಪಡಿಸಬೇಕು.

ಸಂಶೋಧನೆಯ ಮೂಲಕ ಪಡೆಯುವ ಮಾಸ್ಟರ್ಸ್ ಸಾಮಾನ್ಯವಾಗಿ ಒಂದೆರಡು ವರ್ಷದ್ದು. ಪಿಎಚ್‌ಡಿ ಬ್ರಿಟನ್ ಮಾದರಿಯ ವ್ಯವಸ್ಥೆಯಲ್ಲಿ ಪೂರ್ಣಾವಧಿಗೆ 3-4 ವರ್ಷ. ಅಮೆರಿಕದಲ್ಲಿ ಮೊದಲು ಕೋರ್ಸ್‌ಗಳನ್ನೂ ಅರ್ಹತಾ ಪರೀಕ್ಷೆಯನ್ನೂ ಮುಗಿಸಬೇಕಾದ್ದರಿಂದ 5 ವರ್ಷ ಹಿಡಿಯುವುದು ಮಾಮೂಲು. ಇವೆರಡರ ಜೊತೆಗೆ, ಕೈಗಾರಿಕೆಯೊಂದರ ಸಮಸ್ಯೆಯನ್ನೇ ಹಿಡಿದು ಅಲ್ಲೇ ಕೂತು ಕೆಲಸ ಮಾಡುವ ಎಂಜಿನಿಯರಿಂಗ್ ಡಾಕ್ಟರೇಟ್ ಎಂಬುದೂ ಇದೆ. ಬ್ರಿಟನ್ನಿನಲ್ಲಿ ಅದು 1992ರಲ್ಲಿ ಶುರುವಾಯಿತು.

ಮಾಸ್ಟರ್ಸ್ ಸಂಶೋಧನೆ ಅಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಅಮೆರಿಕದ ಎಂಜಿನಿಯರ್ ಕ್ಲಾಡ್ ಶಾನನ್ 1937ರಲ್ಲಿ ಎಂಐಟಿಯಲ್ಲಿ ಬರೆದದ್ದು ಮಾಸ್ಟರ್ಸ್ ಪ್ರಬಂಧ. ರಿಲೇ ಸ್ವಿಚ್‌ಗಳ ಜೋಡಣೆಯನ್ನು ಹೌದು-ಇಲ್ಲ ಎಂಬ ಎರಡೇ ಬೆಲೆಗಳಿರುವ ಬೂಲಿಯನ್ ಬೀಜಗಣಿತದಲ್ಲಿ ಬರೆಯಬಹುದು ಎಂದು ಅವರು ತೋರಿಸಿದರು. ಡಿಜಿಟಲ್ ಸರ್ಕ್ಯೂಟ್ ವಿನ್ಯಾಸ ಇವತ್ತಿಗೂ ಅದರ ಮೇಲೆಯೇ ನಿಂತಿದೆ.

ವಿಷಯ ಆರಿಸಿಕೊಳ್ಳುವುದು ಹೇಗೆ?

‘ಹಸಿರು ಕಾಂಕ್ರೀಟ್ ಮೇಲೆ ಮಾಡಬೇಕು ಅಂತಿದ್ದೇನೆ ಸಾರ್’ ಎಂದು ಪ್ರತಿ ವರ್ಷ ಮೂರ್ನಾಲ್ಕು ಜನರಾದರೂ ಬರುತ್ತಾರೆ. ಅದು ಬರೀ ಊರಿನ ಹೆಸರು. ಯಾವ ಬೀದಿ, ಯಾವ ಮನೆ ಎಂದು ಹೇಳಿದರೆ ತಾನೇ ವಿಳಾಸವಾಗುವುದು?

ಅದನ್ನೇ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯೋಣ. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 7-8% ಸಿಮೆಂಟ್ ಉದ್ಯಮದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಬರುವುದು ಇಂಧನದಿಂದಲ್ಲ, ಸುಣ್ಣದ ಕಲ್ಲು ಗೂಡಿನಲ್ಲಿ ಬೆಂದು ಸುಣ್ಣವಾಗುವಾಗ ಕಲ್ಲಿನೊಳಗಿಂದಲೇ. ಹಾಗಾಗಿ ಗೂಡಿಗೆ ಎಂಥ ಶುದ್ಧ ಇಂಧನ ಹಾಕಿದರೂ ಅರ್ಧ ಸಮಸ್ಯೆ ಹಾಗೇ ಉಳಿಯುತ್ತದೆ. ಆ ಗೂಡಿನಿಂದ ಹೊರಬರುವ ಸುಟ್ಟ ಗಟ್ಟಿಗೆ ಕ್ಲಿಂಕರ್ ಎನ್ನುತ್ತಾರೆ. ಸಿಮೆಂಟಿನಲ್ಲಿರುವ ಅದರ ಪಾಲನ್ನೇ ಇಳಿಸಬೇಕು. ಅದಕ್ಕಿರುವ ದಾರಿಗಳಲ್ಲಿ ಒಂದು ಎಲ್‌ಸಿ3 ಎಂಬ ಸಿಮೆಂಟ್. ಅದರ ಹೆಸರಾಂತ ಪಾಕದಲ್ಲಿ ಕ್ಲಿಂಕರ್ 50%, ಸುಟ್ಟ ಜೇಡಿಮಣ್ಣು 30%, ಸುಣ್ಣದ ಕಲ್ಲಿನ ಪುಡಿ 15%, ಜಿಪ್ಸಮ್ 5%. ಇಂಥ ಮಿಶ್ರಣದಲ್ಲಿ, ಕಾಂಕ್ರೀಟನ್ನು ಕ್ಷಾರೀಯವಾಗಿಡುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕಡಿಮೆ ಉಳಿಯುತ್ತದೆ. ಹಾಗಾಗಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನೊಳಕ್ಕೆ ಬೇಗ ಇಳಿದು ಅಲ್ಲಿನ ಕ್ಷಾರಗುಣವನ್ನು ಕುಗ್ಗಿಸುತ್ತಾ ಹೋಗುತ್ತದೆ. ಇದಕ್ಕೆ ಕಾರ್ಬೊನೇಷನ್ ಎನ್ನುತ್ತೇವೆ. ಕ್ಷಾರ ಹೋದರೆ ಒಳಗಿನ ಕಬ್ಬಿಣಕ್ಕೆ ತುಕ್ಕಿನಿಂದಿದ್ದ ಕಾವಲೂ ಹೋಯಿತು.

ಈಗ ಪ್ರಶ್ನೆ ಹುಟ್ಟಿತು: 7 ದಿನ ನೀರುಣಿಸಬೇಕಾದ ಕಡೆ ಮೂರೇ ದಿನಕ್ಕೆ ಕ್ಯೂರಿಂಗ್ ನಿಲ್ಲಿಸಿದರೆ, ಈ ಮಿಶ್ರಣದಲ್ಲಿ ಕಾರ್ಬೊನೇಷನ್ ಎಷ್ಟು ಮಿಲಿಮೀಟರ್ ಹೆಚ್ಚು ಆಳಕ್ಕೆ ಹೋಗುತ್ತದೆ?

ಇದನ್ನು ಅಳೆಯಬಹುದು. ಮಾದರಿಯನ್ನು ಸೀಳಿ, ಆಗಷ್ಟೇ ಒಡೆದ ಮುಖದ ಮೇಲೆ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ನಡುಭಾಗ ಗಾಢ ಗುಲಾಬಿಗೆ ತಿರುಗುತ್ತದೆ, ಕಾರ್ಬೊನೇಷನ್ ಆದ ಅಂಚು ಬೂದು ಬಣ್ಣದಲ್ಲೇ ಇರುತ್ತದೆ. ಆ ಬೂದು ಅಂಚಿನ ಅಗಲವೇ ನಿಮ್ಮ ಉತ್ತರ. ಆದರೆ ಸ್ಕೇಲ್ ಇಟ್ಟು ನೋಡಿ: ಗುಲಾಬಿಯ ಗೆರೆ ನೇರ ಇರುವುದಿಲ್ಲ, ಜಲ್ಲಿ ಸಿಕ್ಕ ಕಡೆ ಮಾಯವಾಗುತ್ತದೆ, ಮೂಲೆಗಳಲ್ಲಿ ಒಳಕ್ಕೆ ಬಾಗುತ್ತದೆ. ಎಷ್ಟು ಕಡೆ ಅಳೆಯಬೇಕು, ಯಾವ ಜಾಗವನ್ನು ಬಿಡಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಮನಸ್ಸಿಗೆ ಬೇಕಾದ ಸಂಖ್ಯೆಯನ್ನೇ ಕಣ್ಣು ಓದುತ್ತದೆ.

ಹಾಗಾಗಿ ವಿಷಯ ಹಿಡಿದು ಬಂದವರನ್ನು ನಾನು ಕೇಳುವುದು ಇಷ್ಟೇ: ಏನನ್ನು, ಯಾವುದರಿಂದ ಅಳೆಯುತ್ತೀರಿ? ಒಂದು ವಾಕ್ಯದಲ್ಲಿ ಉತ್ತರ ಬಂದರೆ ವಿಷಯ ಸಿಕ್ಕಿದೆ. ಬರದಿದ್ದರೆ ಇನ್ನೂ ಮೆಟ್ಟಿಲು ಇಳಿಯಬೇಕು.

ಸಂಶೋಧನೆ ‘ಹೊಸದಾಗಿರಬೇಕು’ ಅನ್ನುತ್ತಾರಲ್ಲ, ಎಷ್ಟು ಹೊಸದು?

ನೀವು ಹೆದರಿಕೊಂಡಿರುವಷ್ಟು ಹೊಸದಲ್ಲ.

ಡೆನ್ಮಾರ್ಕಿನ ಪಿ. ಓ. ಫ್ಯಾಂಗರ್ ಉಷ್ಣ ಹಿತದ ಬಗ್ಗೆ 1970ರಲ್ಲಿ ಡಾಕ್ಟರೇಟ್ ಪ್ರಬಂಧ ಪ್ರಕಟಿಸಿದರು. ಗಾಳಿಯ ಉಷ್ಣಾಂಶ, ಸುತ್ತಲಿನ ಮೇಲ್ಮೈಗಳ ಶಾಖ, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ, ಮೈಯ ಚಟುವಟಿಕೆ, ಈ ಆರನ್ನು ಕೊಟ್ಟರೆ ಕೋಣೆಯಲ್ಲಿರುವ ಜನರಿಗೆ ಸರಾಸರಿ ಎಷ್ಟು ಸೆಕೆ ಅಥವಾ ಚಳಿ ಅನ್ನಿಸುತ್ತದೆ ಎಂದು ಅವರ ಸಮೀಕರಣ -3ರಿಂದ +3ರವರೆಗಿನ ಅಂಕದಲ್ಲಿ ಹೇಳುತ್ತಿತ್ತು. ಅದು ಐಎಸ್‌ಒ 7730 ಎಂಬ ಅಂತರರಾಷ್ಟ್ರೀಯ ಮಾನಕವೂ ಆಯಿತು. ಆದರೆ ಆ ಸಮೀಕರಣ ಹುಟ್ಟಿದ್ದು ಉಷ್ಣಾಂಶವನ್ನು ಬಿಗಿಯಾಗಿ ನಿಯಂತ್ರಿಸಿದ ಪ್ರಯೋಗಕೋಣೆಯಲ್ಲಿ, ಹೆಚ್ಚಾಗಿ ಕಾಲೇಜು ವಯಸ್ಸಿನವರನ್ನು ಕೂರಿಸಿ ಮಾಡಿದ ಪ್ರಯೋಗಗಳಿಂದ.

ಆಮೇಲೆ ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್, ಬೇರೆ ಬೇರೆ ದೇಶಗಳ 160 ಕಟ್ಟಡಗಳಲ್ಲಿ ಕೂತು ಕೆಲಸ ಮಾಡುತ್ತಿದ್ದವರಿಂದ ಪಡೆದ ಸುಮಾರು 21,000 ಉತ್ತರಗಳನ್ನು ಒಟ್ಟುಹಾಕಿ ನೋಡಿದರು. ಕಿಟಕಿಯನ್ನು ತಾವೇ ತೆರೆದು ಮುಚ್ಚುವ ಕಟ್ಟಡಗಳಲ್ಲಿ ಜನ ಸಮೀಕರಣ ಹೇಳಿದ್ದಕ್ಕಿಂತ ಹೆಚ್ಚಿನ ಸೆಕೆಯಲ್ಲೂ ಹಾಯಾಗಿದ್ದರು. ಹೊರಗಿನ ಹವೆ ಏರಿದ ಹಾಗೆ ಅವರಿಗೆ ಹಿತವೆನಿಸುವ ಉಷ್ಣಾಂಶವೂ ಏರುತ್ತಿತ್ತು. 2004ರಲ್ಲಿ ಈ ಮಾದರಿ ಅಮೆರಿಕದ ಎಂಜಿನಿಯರುಗಳ ಸಂಘವೊಂದು ಉಷ್ಣ ಹಿತಕ್ಕೆಂದು ಹೊರಡಿಸುವ ಆಶ್ರೇ 55 ಮಾನಕದೊಳಕ್ಕೆ ಬಂತು. ಕಿಟಕಿ ತೆರೆಯುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗೆ ನಕ್ಕವರಿಗೆ ಹೇಳುವುದಿದೆ ಎಂದೆನಲ್ಲ, ಅದು ಇದೇ.

ಎರಡನೆಯವರು ಶಾಖದ ಭೌತಶಾಸ್ತ್ರವನ್ನೇನೂ ತಲೆಕೆಳಗು ಮಾಡಲಿಲ್ಲ. ಇದ್ದ ಮಾತನ್ನು ಪ್ರಯೋಗಕೋಣೆಯಿಂದ ನಿಜವಾದ ಕಟ್ಟಡಕ್ಕೆ ತಂದು, ಅದು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಪರೀಕ್ಷಿಸಿದರು. ಗೊತ್ತಿದ್ದ ನಿಯಮದ ಗಡಿ ಎಲ್ಲಿದೆ ಎಂದು ಗುರುತಿಸುವುದು ಧಾರಾಳವಾಗಿ ಹೊಸದೇ. ನಮ್ಮ ಕ್ಷೇತ್ರದ ಒಳ್ಳೆಯ ಪ್ರಬಂಧಗಳಲ್ಲಿ ಬಹುಪಾಲು ಈ ಜಾತಿಯವು ಎಂಬುದು ನನ್ನ ಲೆಕ್ಕ.

ಸಾಹಿತ್ಯ ಸಮೀಕ್ಷೆಗೆ ಎಷ್ಟು ಪೇಪರ್ ಓದಬೇಕು?

ಸಂಖ್ಯೆ ಕೇಳಬೇಡಿ. ಬೇರೆ ಕಪಾಟಿನದ್ದನ್ನೂ ಓದಿದ್ದೀರಾ ಎಂದು ಕೇಳಿಕೊಳ್ಳಿ.

ಲಂಡನ್ನಿನ ಮಿಲೇನಿಯಂ ಕಾಲುಸೇತುವೆ 2000ದ ಜೂನ್‌ನಲ್ಲಿ ತೆರೆದ ದಿನವೇ ಅಡ್ಡಡ್ಡ ಓಲಾಡತೊಡಗಿ, ಎರಡೇ ದಿನಕ್ಕೆ ಅದನ್ನು ಮುಚ್ಚಬೇಕಾಯಿತು. ಸೇತುವೆ ಚೂರು ಅಲುಗಿದರೆ ಜನ ಆಯ ತಪ್ಪದಿರಲು ಕಾಲು ಅಗಲಿಸಿ ಅದರ ತಾಳಕ್ಕೇ ಹೆಜ್ಜೆ ಹಾಕುತ್ತಾರೆ, ಆ ಹೆಜ್ಜೆ ಸೇತುವೆಯನ್ನು ಇನ್ನಷ್ಟು ತೂಗುತ್ತದೆ. ಜಪಾನಿನ ಒಂದು ಕಾಲುಸೇತುವೆಯಲ್ಲಿ ಇದೇ ಆದದ್ದನ್ನು ಫುಜಿನೊ ಮತ್ತು ಸಂಗಡಿಗರು 1993ರಲ್ಲೇ ಬರೆದಿದ್ದರು. ಅದು ಅಚ್ಚಾಗಿದ್ದು ಭೂಕಂಪ ಎಂಜಿನಿಯರಿಂಗ್‌ನ ಪತ್ರಿಕೆಯಲ್ಲಿ. ಕಾಲುಸೇತುವೆ ಕಟ್ಟುವವರು ಭೂಕಂಪದ ಪತ್ರಿಕೆ ಯಾಕೆ ತೆರೆದಾರು? ಅಲುಗಾಟ ಹೀರುವ ಡ್ಯಾಂಪರ್‌ಗಳನ್ನು ಕೂರಿಸಿ ಲಂಡನ್ ಸೇತುವೆಯನ್ನು ಮತ್ತೆ ತೆರೆದದ್ದು 2002ರಲ್ಲಿ.

ನಿಮ್ಮ ವಿಷಯವನ್ನು ಬೇರೆ ಶಾಖೆಯವರು ಯಾವ ಹೆಸರಿನಿಂದ ಕರೆಯುತ್ತಾರೆ ಎಂದು ಪಟ್ಟಿ ಮಾಡಿ, ಆ ಹೆಸರುಗಳಿಂದಲೂ ಹುಡುಕಿ. ಓದಿದ್ದನ್ನು ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ಥರದ ತಂತ್ರಾಂಶದಲ್ಲಿ ಮೊದಲ ದಿನದಿಂದಲೇ ಸೇರಿಸುತ್ತಾ ಹೋಗಿ. ಮೂರನೇ ವರ್ಷದಲ್ಲಿ ಉಲ್ಲೇಖ ಹುಡುಕಿಕೊಂಡು ಅಲೆಯುವವರ ಪಾಡು ಯಾರಿಗೂ ಬೇಡ.

ಲ್ಯಾಬ್ ಕೆಲಸಕ್ಕೆ ಎಷ್ಟು ಸಮಯ ಇಟ್ಟುಕೊಳ್ಳಬೇಕು?

ನೀವು ಅಂದುಕೊಂಡದ್ದರ ಎರಡರಷ್ಟು. ಉತ್ಪ್ರೇಕ್ಷೆ ಅನ್ನಿಸಿದರೆ ಲೆಕ್ಕ ಹಾಕೋಣ.

ಕಾಂಕ್ರೀಟಿನ ಬಲವನ್ನು ಎಲ್ಲರೂ 28ನೇ ದಿನ ಅಳೆಯುತ್ತಾರೆ. ಅಂದರೆ ಇವತ್ತು ಮಿಶ್ರಣದಲ್ಲಿ ಮಾಡಿದ ತಪ್ಪು ನಿಮಗೆ ಗೊತ್ತಾಗುವುದು ಮುಂದಿನ ತಿಂಗಳು. ಬಳಲಿಕೆಯ ಪರೀಕ್ಷೆ ಇನ್ನೂ ನಿಧಾನ. ಉಕ್ಕಿನ ತುಂಡೊಂದಕ್ಕೆ ಸೆಕೆಂಡಿಗೆ 10 ಸಲದಂತೆ ಒಂದು ಕೋಟಿ ಸಲ ಭಾರ ಹಾಕಿ ತೆಗೆಯಬೇಕೆಂದರೆ ಯಂತ್ರ ಹತ್ತು ಲಕ್ಷ ಸೆಕೆಂಡು, ಅಂದರೆ ಹನ್ನೊಂದೂವರೆ ದಿನ ಹಗಲೂ ರಾತ್ರಿ ಓಡಬೇಕು. 15 ತುಂಡುಗಳಿದ್ದರೆ ಸುಮಾರು ಆರು ತಿಂಗಳು, ಅದೂ ಆ ಯಂತ್ರ ನಿಮ್ಮೊಬ್ಬರಿಗೇ ಸಿಕ್ಕರೆ. ಕರೆಂಟು ಹೋಗದಿದ್ದರೆ.

ನನ್ನ ಸ್ವಂತ ಕಥೆಯೊಂದಿದೆ. ಮೊದಲ ಸಲ ಕಾಂಕ್ರೀಟಿನ 54 ಕ್ಯೂಬ್ ಹಾಕಿ, ಅಚ್ಚು ಬಿಚ್ಚಿ, ಪ್ರತಿಯೊಂದರ ಮೇಲೂ ಕೈಗೆ ಸಿಕ್ಕ ಮಾರ್ಕರ್‌ನಲ್ಲಿ ಮಿಶ್ರಣದ ಹೆಸರು ಬರೆದು ಕ್ಯೂರಿಂಗ್ ತೊಟ್ಟಿಗೆ ಇಳಿಸಿದೆ. 28ನೇ ದಿನ ತೆಗೆದರೆ ಒಂದರ ಮೇಲೂ ಅಕ್ಷರವಿಲ್ಲ. ಆರು ಮಿಶ್ರಣಗಳ 54 ಬೂದು ಇಟ್ಟಿಗೆಗಳು, ಎಲ್ಲವೂ ಅವಳಿಜವಳಿ! ಲ್ಯಾಬಿನ ಸಹಾಯಕರು ನೋಡಿ ಏನೂ ಹೇಳಲಿಲ್ಲ, ಒಳಗೆ ಹೋಗಿ ಮೇಣದ ಬಳಪ ತಂದು ನನ್ನ ಕೈಗಿಟ್ಟರು. ಆವತ್ತಿನಿಂದ ಲ್ಯಾಬ್ ಸಹಾಯಕರ ಜೊತೆ ಮೊದಲ ವಾರವೇ ಕೂತು ಮಾತಾಡದ ವಿದ್ಯಾರ್ಥಿಗೆ ನಾನು ಸಿಮೆಂಟ್ ಚೀಲ ಬಿಚ್ಚಲು ಬಿಡುವುದಿಲ್ಲ.

ಲ್ಯಾಬ್ ರಗಳೆಯೇ ಬೇಡ, ಕಂಪ್ಯೂಟರ್ ಮಾದರಿ ಮಾಡಿದರೆ ಸಾಲದೇ?

ಸಾಲುತ್ತದೆ, ಅದು ನಿಜ ಹೇಳುತ್ತಿದೆ ಎಂದು ತೋರಿಸುವ ಹೊಣೆ ನಿಮ್ಮದು.

1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಎ ಎಂಬ ತೈಲವೇದಿಕೆಯ ಕಾಂಕ್ರೀಟ್ ಬುಡವನ್ನು ಪರೀಕ್ಷೆಗಾಗಿ ನೀರಿನಲ್ಲಿ ಇಳಿಸುತ್ತಿದ್ದಾಗ ಗೋಡೆ ಸೀಳಿ ಪೂರ್ತಿ ಮುಳುಗಿತು. ರಚನೆಯನ್ನು ಸಣ್ಣ ತುಂಡುಗಳ ಜಾಲರಿಯಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಮಾದರಿಯಲ್ಲಿ ಗೋಡೆಗಳು ಕೂಡುವ ಜಾಗದ ಜಾಲರಿ ಒರಟಾಗಿದ್ದು, ಅಲ್ಲಿನ ಕತ್ತರಿ ಬಲವನ್ನು 47% ಕಡಿಮೆ ತೋರಿಸಿತ್ತು. ಆ ಲೆಕ್ಕ ನಂಬಿ ಹಾಕಿದ ಕಬ್ಬಿಣ ಸಾಲಲಿಲ್ಲ. ಅಪಘಾತದ ನಂತರ ಜಾಗ್ರತೆಯಿಂದ ಮತ್ತೆ ಮಾಡಿದ ವಿಶ್ಲೇಷಣೆ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಎಂದಿತು; ನಿಜವಾಗಿ ಒಡೆದದ್ದು 65 ಮೀಟರಿನಲ್ಲಿ. ಅಂದರೆ ವಿಧಾನ ಸರಿಯಾಗಿಯೇ ಇತ್ತು, ಬಳಸಿದ ಕೈ ಅವಸರ ಮಾಡಿತ್ತು.

ಹಾಗಾಗಿ ಜಾಲರಿಯನ್ನು ಇನ್ನೂ ಸಣ್ಣದು ಮಾಡಿದರೆ ಉತ್ತರ ಬದಲಾಗುತ್ತದೆಯೇ ನೋಡಿ. ಬೇರೆಯವರು ಪ್ರಕಟಿಸಿದ ಪ್ರಯೋಗವೊಂದನ್ನು ನಿಮ್ಮ ಮಾದರಿ ಮರಳಿ ಕೊಡುತ್ತದೆಯೇ ನೋಡಿ. ಎಲ್ಲಕ್ಕಿಂತ ಮುಂಚೆ, ಒಂದು ಹಾಳೆಯ ಮೇಲೆ ಕೈಲೆಕ್ಕ ಹಾಕಿ ಉತ್ತರ ಸುಮಾರು ಎಷ್ಟಿರಬೇಕು ಎಂದು ಬರೆದಿಟ್ಟುಕೊಳ್ಳಿ. ಬಣ್ಣಬಣ್ಣದ ಚಿತ್ರ ಪರದೆಯ ಮೇಲೆ ಬಂದ ಮೇಲೆ ಯಾರಿಗೂ ಅನುಮಾನ ಪಡುವ ಬುದ್ಧಿ ಉಳಿಯುವುದಿಲ್ಲ, ನನಗೂ ಸೇರಿದಂತೆ.

ಯಂತ್ರವೂ ಇಲ್ಲ, ಮಾದರಿಯೂ ಇಲ್ಲ. ಸಂದರ್ಶನ, ಸಮೀಕ್ಷೆ, ಹಳೆಯ ಕಡತ ಇಷ್ಟರಿಂದಲೇ ಎಂಜಿನಿಯರಿಂಗ್ ಸಂಶೋಧನೆ ಆಗುತ್ತದೆಯೇ?

ಖಂಡಿತ. ಬೆಂಟ್ ಫ್ಲಿವ್‌ಬ್ಯೆರ್ ಮತ್ತು ಸಂಗಡಿಗರು 2002ರಲ್ಲಿ 20 ದೇಶಗಳ 258 ಸಾರಿಗೆ ಯೋಜನೆಗಳ ಅಂದಾಜು ವೆಚ್ಚವನ್ನೂ ನಿಜವಾದ ವೆಚ್ಚವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹತ್ತರಲ್ಲಿ ಒಂಬತ್ತರ ವೆಚ್ಚ ಅಂದಾಜನ್ನು ಮೀರಿತ್ತು. ಸರಾಸರಿ 28%, ರೈಲು ಯೋಜನೆಗಳಲ್ಲಂತೂ 45%. 70 ವರ್ಷಗಳಲ್ಲಿ ಅಂದಾಜು ಹಾಕುವುದು ಸುಧಾರಿಸಿದ ಕುರುಹೂ ಇರಲಿಲ್ಲ. ಬರೀ ಕಡತ ಓದಿ ಬಂದ ಈ ಮಾತು ಯೋಜನೆ ಕಟ್ಟುವವರ ನಿದ್ದೆ ಕೆಡಿಸಿತು.

ಒಂದು ಎಚ್ಚರಿಕೆ: ಮನುಷ್ಯರನ್ನು ಪ್ರಶ್ನೆ ಕೇಳುವ ಸಂಶೋಧನೆಗೆ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಉತ್ತರಗಳನ್ನು ಸಂಗ್ರಹಿಸಿದ ಮೇಲೆ ಒಪ್ಪಿಗೆ ಕೇಳಿದರೆ ಆ ಉತ್ತರಗಳು ಕಸದಬುಟ್ಟಿಗೆ.

ಗೈಡ್ ಆರಿಸುವಾಗ ಏನು ನೋಡಬೇಕು?

ಅವರ ಪೇಪರ್ ಎಷ್ಟು ಎಂಬುದಕ್ಕಿಂತ ಅವರ ಹಳೆಯ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಎಷ್ಟು ಜನ ಅರ್ಧಕ್ಕೆ ಬಿಟ್ಟರು ಎಂದು ವಿಚಾರಿಸಿ. ಈಗಿರುವ ವಿದ್ಯಾರ್ಥಿಯೊಬ್ಬರನ್ನು ಗೈಡ್ ಇಲ್ಲದ ಕಡೆ ಸಿಕ್ಕಿ, ‘ಕಳುಹಿಸಿದ ಅಧ್ಯಾಯ ತಿದ್ದಿ ವಾಪಸ್ ಬರಲು ಎಷ್ಟು ದಿನ?’ ಎಂದು ಕೇಳಿ. ಉತ್ತರ ಕೊಡುವ ಮುಂಚೆ ಅವರು ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದನ್ನೂ ಗಮನಿಸಿ. ಹೆಸರುವಾಸಿಯಾಗಿದ್ದು ವರ್ಷಕ್ಕೆರಡು ಸಲ ಸಿಗುವವರಿಗಿಂತ ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಕೊಡುವವರೇ ಮೇಲು.

ಸಂಶೋಧನಾ ಪ್ರಸ್ತಾವನೆ ಎಷ್ಟು ಪುಟ ಇರಬೇಕು?

ಕೇಳಿದಷ್ಟೇ. ಪ್ರಶ್ನೆ, ಅದು ಯಾಕೆ ಇನ್ನೂ ತೆರೆದಿದೆ, ಹೇಗೆ ಉತ್ತರಿಸುತ್ತೀರಿ, ಯಾವ ತಿಂಗಳು ಏನು ಮಾಡುತ್ತೀರಿ. ಹಿನ್ನೆಲೆಗೆ ಅರ್ಧ ಪುಟ ಸಾಕು. ಕಾಂಕ್ರೀಟ್ ಅಂದರೇನು ಎಂದು ಓದುವವರಿಗೆ ಗೊತ್ತಿರುತ್ತದೆ.

ಕೆಲಸದಲ್ಲಿದ್ದುಕೊಂಡೇ ಮಾಡಬಹುದೇ?

ಮಾಡಬಹುದು, ಸಮಯ ಸುಮಾರು ಎರಡರಷ್ಟು ಹಿಡಿಯುತ್ತದೆ. ನಿಮ್ಮ ಕೆಲಸದ ಜಾಗದ ಮಾಹಿತಿಯನ್ನೇ ಬಳಸುವುದಾದರೆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ ಒಪ್ಪಿದ ಮೇಲಧಿಕಾರಿಗೆ ವರ್ಗವಾದರೆ ಎರಡು ವರ್ಷದ ದತ್ತಾಂಶ ಅವರ ಹಿಂದೆಯೇ ಹೋಗುತ್ತದೆ.

ಕಂಪನಿ ಹಣ ಕೊಟ್ಟರೆ ಫಲಿತಾಂಶ ಯಾರದ್ದು?

ಸಹಿ ಹಾಕಿದ ಒಪ್ಪಂದದಲ್ಲಿ ಏನಿದೆಯೋ ಅದೇ. ಎರಡು ಸಾಲು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ: ಪ್ರಕಟಣೆಯನ್ನು ಅವರು ಎಷ್ಟು ತಿಂಗಳು ತಡೆಹಿಡಿಯಬಹುದು, ಮತ್ತು ಪ್ರಬಂಧ ಸಲ್ಲಿಸುವುದನ್ನೇ ತಡೆಯುವ ಹಕ್ಕು ಅವರಿಗಿದೆಯೇ. ಎರಡನೆಯದಕ್ಕೆ ‘ಇದೆ’ ಎಂದಾದರೆ ಸಹಿ ಬೇಡ.

ಫಲಿತಾಂಶ ಅಂದುಕೊಂಡಂತೆ ಬರದಿದ್ದರೆ ಪದವಿ ಹೋಯಿತೇ?

ಇಲ್ಲ. ಹೊಸ ಮಿಶ್ರಣ ಹಳೆಯದಕ್ಕಿಂತ ಗಟ್ಟಿಯಾಗಲಿಲ್ಲ ಎಂಬುದೂ ಉತ್ತರವೇ, ಪ್ರಯೋಗ ಸರಿಯಾಗಿ ಕಟ್ಟಿದ್ದರೆ. ಪದವಿ ಕಳೆಯುವುದು ಬೇಡವಾದ ಸಂಖ್ಯೆಯನ್ನು ‘ಅದು ತಪ್ಪು ಓದಿರಬೇಕು’ ಎಂದು ಕಾರಣವಿಲ್ಲದೆ ಕೈಬಿಟ್ಟಾಗ. ಬಿಟ್ಟರೆ ಬಿಟ್ಟಿದ್ದೇನೆ ಎಂದು, ಯಾಕೆಂದು ಬರೆಯಿರಿ.

ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆ, ಹೇಗಿರುತ್ತದೆ?

ದೇಶಕ್ಕೊಂದು ರೀತಿ. ಬ್ರಿಟನ್ನಿನಲ್ಲಿ ಮುಚ್ಚಿದ ಬಾಗಿಲ ಹಿಂದೆ ಒಳಗಿನವರೊಬ್ಬರು, ಹೊರಗಿನವರೊಬ್ಬರು ಪರೀಕ್ಷಕರು. ನೆದರ್ಲೆಂಡ್ಸ್, ಸ್ವೀಡನ್ ಕಡೆ ಸಾರ್ವಜನಿಕರ ಎದುರಿಗೇ ವಾದ ಮಂಡನೆ. ರೀತಿ ಯಾವುದೇ ಇರಲಿ, ಪ್ರಶ್ನೆಗಳು ಬರುವುದು ಬಹುತೇಕ ನೀವು ಅವಸರದಲ್ಲಿ ದಾಟಿದ ಪುಟದಿಂದಲೇ. ಮೂರು ಮಾದರಿಗಳನ್ನೇ ಯಾಕೆ ಪರೀಕ್ಷಿಸಿದಿರಿ, ಐದು ಯಾಕಲ್ಲ? ಈ ಗೆರೆ ಇಲ್ಲಿ ಯಾಕೆ ಬಾಗಿದೆ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ತಿಳಿದುಕೊಳ್ಳಲು ಯಾವ ಪ್ರಯೋಗ ಮಾಡುತ್ತಿದ್ದಿರಿ ಎಂದು ಸೇರಿಸಿ. ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಪಾಸಾಗುವುದೇ ಸಾಮಾನ್ಯ. ತಿದ್ದುಪಡಿ ಬಂತೆಂದು ಯಾರೂ ಅಳಬೇಕಾಗಿಲ್ಲ.

ಪ್ರಬಂಧ ಸಲ್ಲಿಸಿಯಾಯಿತು. ಒಡೆದ ಮಾದರಿಗಳನ್ನು ಎಸೆಯಬಹುದೇ?

ವೈವಾ ಮುಗಿದು ತಿದ್ದುಪಡಿಗೆ ಒಪ್ಪಿಗೆ ಸಿಗುವವರೆಗೆ ಬೇಡ. ನನ್ನ ವೈವಾದಲ್ಲಿ ಪರೀಕ್ಷಕರು ಫೋಟೊ ನೋಡುತ್ತಾ, ‘ಈ ಬಿರುಕು ಜಲ್ಲಿಯನ್ನು ಸೀಳಿಕೊಂಡು ಹೋಗಿದೆಯೋ, ಸುತ್ತಿಕೊಂಡು ಹೋಗಿದೆಯೋ?’ ಎಂದು ಕೇಳಿದರು. ಫೋಟೊದಲ್ಲಿ ಕಾಣುತ್ತಿರಲಿಲ್ಲ. ಮೂವರೂ ಎದ್ದು ಲ್ಯಾಬಿಗೆ ಹೋದೆವು. ಬೀಮಿನ ಅರ್ಧ ತುಂಡು ಬಾಗಿಲಿಗೆ ಅಡ್ಡ ಕೊಟ್ಟು ನಿಲ್ಲಿಸಲು ಬಳಕೆಯಾಗುತ್ತಿತ್ತು, ಪುಣ್ಯಕ್ಕೆ ಬಿರುಕಿನ ಮುಖ ಮೇಲಿತ್ತು. ಪರೀಕ್ಷಕರು ಕುಕ್ಕರುಗಾಲಲ್ಲಿ ಕೂತು ಕನ್ನಡಕ ಹಣೆಗೇರಿಸಿ ನೋಡಿ, ‘ಸೀಳಿಕೊಂಡೇ ಹೋಗಿದೆ’ ಎಂದರು.